ಇಪಿಆರ್ ಇಲ್ಲದೆ ಸೆಕೆಂಡ್ ಹ್ಯಾಂಡ್ ವಿಎಂಸಿ ಬಿಡಿಸಿಕೊಂಡ ಬಗೆ

ಇಪಿಆರ್ (ಆಯಸ್ಸು ಮುಗಿದ ಎಲೆಕ್ಟ್ರಿಕಲ್ ಸಾಮಾನಿನ ವಿಲೇವಾರಿಗೆ ಉತ್ಪಾದಕನೇ ಹೊಣೆ ಎನ್ನುವ ವ್ಯವಸ್ಥೆ) ನೋಂದಣಿ ಇಲ್ಲದೆ, ವಿದೇಶದಿಂದ ತರಿಸುವ ವಿಎಂಸಿಯಂಥ (ಕಂಪ್ಯೂಟರ್ ನಿಯಂತ್ರಣದ ಮಿಲ್ಲಿಂಗ್ ಮಷೀನ್) ಹಳೆ ಮಷೀನ್ ಬಂದರು ದಾಟುವುದಿಲ್ಲ ಎಂದು ನಮ್ಮ ಸಿಎಚ್‌ಎ (ಕಸ್ಟಮ್ಸ್ ಏಜೆಂಟ್) ಖಡಾಖಂಡಿತವಾಗಿ ಹೇಳಿದ್ದರು. ಈಗ ಅವರೇ ನನ್ನ ಫೈಲಿನ ಕಾಪಿ ಕೇಳುತ್ತಿದ್ದಾರೆ.

2016ರ ಇ-ತ್ಯಾಜ್ಯ ನಿಯಮದಲ್ಲಿದ್ದದ್ದು 21 ಬಗೆಯ ಸಾಮಾನು. ನಮ್ಮ ಮಷೀನುಗಳ ಸುದ್ದಿಯೇ ಇರಲಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ನಿಯಮದ ಪಟ್ಟಿಯಲ್ಲಿ 106 ಇವೆ. ಟರ್ನಿಂಗ್, ಮಿಲ್ಲಿಂಗ್, ಗ್ರೈಂಡಿಂಗ್, ಬೆಂಡಿಂಗ್ ಎಲ್ಲ ಒಳಗೆ. ಹೊಸ ಮಷೀನ್ ತರಿಸಿದವರು 'ಮಾರಾಟಕ್ಕಲ್ಲ, ನಮ್ಮ ಶಾಪಿಗೆ' ಎಂದು ವಾದಿಸಬಹುದು. ಬಳಸಿದ್ದಕ್ಕೆ ಆ ದಾರಿಯೂ ಇಲ್ಲ. ನಿಯಮದ ಪ್ರಕಾರ ತರಿಸಿದವನೇ ಉತ್ಪಾದಕ, ವಾಪಸ್ ರಫ್ತು ಮಾಡದಿದ್ದರೆ ಅದರ ಆಯಸ್ಸು ಮುಗಿದ ಮೇಲೆ ನೂರಕ್ಕೆ ನೂರು ಹೊಣೆ ಅವನದೇ.

ಆದರೆ ಪಟ್ಟಿಯಲ್ಲಿ ಈ ಮಷೀನುಗಳಿರುವ ವಿಭಾಗದ ತಲೆಬರಹವನ್ನು ಯಾರೂ ಪೂರ್ತಿ ಓದುವುದಿಲ್ಲ. ಒಂದೇ ಕಡೆ ಕೂರಿಸುವ ದೊಡ್ಡ ಕೈಗಾರಿಕಾ ಉಪಕರಣಗಳನ್ನು ಬಿಟ್ಟು ಎಂದು ಅಲ್ಲೇ ಇದೆ. ಎಷ್ಟು ಟನ್ ಇದ್ದರೆ ದೊಡ್ಡದು? ಅದನ್ನು ಬರೆದಿಲ್ಲ. ಜಗಳವೆಲ್ಲ ಇಲ್ಲೇ.

ಮೊದಲ ಮಷೀನಿಗೆ ಸಪ್ಲೈಯರ್ ಇನ್‌ವಾಯ್ಸಿನಲ್ಲಿ ಸುಮ್ನೆ 'ಎಲೆಕ್ಟ್ರಿಕಲ್ ಮಷೀನ್' ಎಂದು ಬರೆದುಬಿಟ್ಟಿದ್ದ. ಕಸ್ಟಮ್ಸಿನಿಂದ ಕ್ವೆರಿ ಮೇಲೆ ಕ್ವೆರಿ. ಬಂದರಿನಲ್ಲಿ ಸರಕು ಉಳಿದದ್ದಕ್ಕೆ ಡೆಮರೇಜ್, ಕಂಟೇನರ್ ಹಿಡಿದಿಟ್ಟದ್ದಕ್ಕೆ ಡಿಟೆನ್ಷನ್ ಸೇರಿ ಎರಡೂವರೆ ಲಕ್ಷದ ಹತ್ತಿರ ಹೋಯಿತು. ಜೊತೆಗೆ ಕನ್ಸಲ್ಟೆಂಟ್ ಒಬ್ಬರು ಲಕ್ಷದ ಮೇಲೆ ಕೇಳಿದರು. ಅಷ್ಟು ದುಡ್ಡಿಗೆ ಮಷೀನಿಗೆ ಒಳ್ಳೆ ವೈಸ್ (ತುಂಡು ಬಿಗಿಹಿಡಿಯುವ ಸಾಧನ) ಬರುತ್ತೆ ಅಲ್ವಾ?

ಮುಂದಿನದಕ್ಕೆ, ಅಂದರೆ ಈ ವಿಎಂಸಿಗೆ, ಹಡಗು ಹತ್ತುವ ಮುಂಚೆಯೇ ಕಾಗದ ಕಟ್ಟಿದೆ. ಇನ್‌ವಾಯ್ಸಿನಲ್ಲಿ ಮಷೀನಿಂಗ್ ಸೆಂಟರಿನ ಸುಂಕದ ಕೋಡ್ 8457, ಮಾಡೆಲ್, ತೂಕ ಸುಮಾರು ಏಳು ಟನ್. ಹಳೆ ಫ್ಯಾಕ್ಟರಿಯಲ್ಲಿ ಬೋಲ್ಟ್ ಹಾಕಿ ನಿಂತಿದ್ದ ಫೋಟೊ, ಟೆಕ್ನಿಷಿಯನ್ನರು ಬಿಚ್ಚುವುದು, ಕ್ರೇನ್ ಎತ್ತುವುದು, ಫೌಂಡೇಶನ್ ಡ್ರಾಯಿಂಗ್. ಯುರೋಪಿನ ಇ-ತ್ಯಾಜ್ಯ ನಿಯಮದಲ್ಲೂ ಇದೇ ವಿನಾಯಿತಿ ಇದೆ, ಅಲ್ಲಿ ವಿವರಣೆಯೂ ಇದೆ: ಪರಿಣತರೇ ಕೂರಿಸಬೇಕು, ಪರಿಣತರೇ ಬಿಚ್ಚಬೇಕು, ಕಾರ್ಖಾನೆಯಲ್ಲೋ ಸಂಶೋಧನಾ ಕೇಂದ್ರದಲ್ಲೋ ಬಳಸಬೇಕು. ನಮ್ಮಲ್ಲಿ ಅದು ಕಾನೂನಲ್ಲ. ನಾನು ಕಾಗದ ಜೋಡಿಸಿದ್ದು ಮಾತ್ರ ಅದೇ ಕ್ರಮದಲ್ಲಿ. ಹಳೆ ಮಷೀನನ್ನು ಪರಿಶೀಲಿಸಿ ಕೊಡುವ ಚಾರ್ಟರ್ಡ್ ಎಂಜಿನಿಯರ್ ಸರ್ಟಿಫಿಕೇಟಿನಲ್ಲೂ ಹೇಳಿ ಒಂದು ಸಾಲು ಹಾಕಿಸಿದೆ. ಆ ಸಾಲು, ಕವರಿಂಗ್ ಲೆಟರ್ ಎರಡನ್ನೂ ಇಲ್ಲಿ ಹಾಕುವುದಿಲ್ಲ. ಅವಕ್ಕೆ ನಾನು ಎರಡೂವರೆ ಲಕ್ಷ ಕೊಟ್ಟಿದ್ದೇನೆ.

ಮಷೀನಿನ ಸಂಪ್ (ಎಣ್ಣೆ ನಿಲ್ಲುವ ತೊಟ್ಟಿ) ಪೂರ್ತಿ ಖಾಲಿ ಮಾಡಿಸಿ ಫೋಟೊ ತೆಗೆಸಿ. ಹಳೆ ಎಣ್ಣೆ ಉಳಿದರೆ ಅಪಾಯಕಾರಿ ತ್ಯಾಜ್ಯದ ನಿಯಮ ಎದ್ದು ಬರುತ್ತದೆ, ಅದು ಬೇರೆಯೇ ರಗಳೆ.

ನಡುವೆ ಒಂದು ಪ್ರಯೋಗ. ಕಂಟೇನರಿನಲ್ಲಿ ಜಾಗ ಇದೆಯಲ್ಲ ಎಂದು ಒಂದು ಹಳೆ ಬೆಂಚ್ ಗ್ರೈಂಡರ್ ಹಾಕಿಸಿ ನೋಡಿದೆ. ಬಂದ ಒಂದೇ ಕ್ವೆರಿ ಅದರದ್ದು! ಅದನ್ನು ಬಿಟ್ಟುಕೊಟ್ಟೆ. ಪ್ರೋಗ್ರಾಮಿಂಗಿಗೆ ಇಟ್ಟುಕೊಳ್ಳಿ ಎಂದು ಸಪ್ಲೈಯರ್ ಕೊಡಲು ಬಂದ ಹಳೆ ಪಿಸಿಯನ್ನು ಮುಟ್ಟಲೇ ಇಲ್ಲ. ಹಳೆ ಕಂಪ್ಯೂಟರ್ ಆಮದಿಗೆ ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಲೈಸೆನ್ಸ್ ಬೇಕು.

ವಿಎಂಸಿ ವಾರದೊಳಗೆ ಹೊರಬಂತು. ಸರ್ಟಿಫಿಕೇಟು, ಫೋಟೊ ಎಲ್ಲ ಸೇರಿ ಮೂವತ್ತು ಸಾವಿರದ ಆಸುಪಾಸು. ಈಗ ಒಂದು ಪುಟ್ಟ ಟೂಲ್‌ರೂಮ್ ಲೇತ್ ಮೇಲೆ ಕಣ್ಣಿದೆ, ಒಂದು ಟನ್ ಕೂಡ ಇಲ್ಲ. ಅದನ್ನು ದೊಡ್ಡದು ಎಂದು ವಾದಿಸುವ ಧೈರ್ಯ ನನಗಿಲ್ಲ. ಅದಕ್ಕೆ ಸಿಪಿಸಿಬಿ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ) ಪೋರ್ಟಲಿನಲ್ಲಿ ಇಪಿಆರ್ ನೋಂದಣಿ ಮಾಡಿಸಿಯೇ ತರಿಸುತ್ತೇನೆ.