ಗದ್ದಲವಿಲ್ಲದ ವೋಲ್ಟೇಜ್ ಬೇಕೆ? ಫ್ಯಾನ್ ಆರಿಸಿ, ಡಬ್ಬಿ ಮುಚ್ಚಿ

ಮೈಕ್ರೋವೋಲ್ಟ್ ಮಟ್ಟದ ಸಿಗ್ನಲ್ ಅಳೆಯಲು ಕೂತವರು ಮೊದಲು ಆಂಪ್ಲಿಫೈಯರ್ ಬದಲಾಯಿಸುತ್ತಾರೆ, ಆಮೇಲೆ ಕೇಬಲ್. ಸೆನ್ಸರ್‌ಗೆ ಕೊಟ್ಟ ವೋಲ್ಟೇಜೇ ಕುಣಿಯುತ್ತಿದೆ ಎಂಬುದು ಹೊಳೆಯುವುದು ಕೊನೆಗೆ. ಪ್ರಾಜೆಕ್ಟ್ ಮಾಡುವ ಹುಡುಗರು ಇದರಲ್ಲೇ ವಾರಗಟ್ಟಲೆ ಸವೆಯುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮೂಲ. ಮೊಬೈಲ್ ಚಾರ್ಜರ್, ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ) ಬೇಡವೇ ಬೇಡ. 5 ವೋಲ್ಟ್ ಕೊಡುವ 7805 ರೆಗ್ಯುಲೇಟರ್ ಐಸಿ ದಿನಬಳಕೆಗೆ ಗಟ್ಟಿ. ಆದರೆ 10 ಹರ್ಟ್ಜ್‌ನಿಂದ 100 ಕಿಲೋಹರ್ಟ್ಜ್‌ವರೆಗೆ ಅದರ ಗದ್ದಲ (ನಾಯ್ಸ್, ಅಂದರೆ ವೋಲ್ಟೇಜಿನ ಸಣ್ಣ ಏರಿಳಿತ) ಸುಮಾರು 40 ಮೈಕ್ರೋವೋಲ್ಟ್; ಅದೇ ವ್ಯಾಪ್ತಿಯಲ್ಲಿ ಎಲ್‌ಟಿ3042 ರೆಗ್ಯುಲೇಟರ್‌ನದು 0.8. ದಿನವಿಡೀ ಕರೆಂಟ್ ಬೇಕೆಂದರೆ ಅದನ್ನೇ ಹಾಕಿ. ಕೆಲವು ಮಿಲಿಆಂಪಿಯರ್ ಸಾಕೆಂದರೆ ಬ್ಯಾಟರಿಯನ್ನು ಮೀರಿಸಿದ್ದಿಲ್ಲ. ನಿಕಲ್-ಕ್ಯಾಡ್ಮಿಯಂ ಸೆಲ್ ಸಿಕ್ಕರೆ ಬಿಡಬೇಡಿ, ಅದರ ಒಳರೋಧ ತೀರಾ ಕಡಿಮೆ. ಇಲ್ಲವೆಂದರೆ ಯುಪಿಎಸ್‌ನ 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿಯೂ ಆದೀತು. ಫ್ಯೂಸ್ ಹಾಕದೆ ಮಾತ್ರ ಮುಟ್ಟಬೇಡಿ. ಚಾರ್ಜ್ ಮಾಡಿದ ಮೇಲೆ ಒಂದು ರಾತ್ರಿ ಸುಮ್ಮನೆ ಬಿಡಿ. ಆಗಷ್ಟೇ ಚಾರ್ಜ್ ಆದ ಬ್ಯಾಟರಿಯ ವೋಲ್ಟೇಜ್ ಗಂಟೆಗಟ್ಟಲೆ ಜಾರುತ್ತಿರುತ್ತದೆ.

ಫಿಲ್ಟರ್ ಸುಲಭ: 1 ಕಿಲೋಓಮ್ ರೆಸಿಸ್ಟರ್, 1000 ಮೈಕ್ರೋಫ್ಯಾರಡ್ ಕೆಪಾಸಿಟರ್, ಅಷ್ಟೇ. 0.16 ಹರ್ಟ್ಜ್‌ನಿಂದ ಮೇಲಿನದೆಲ್ಲ ತಗ್ಗುತ್ತಾ ಹೋಗುತ್ತದೆ. 1 ಮಿಲಿಆಂಪಿಯರ್ ಎಳೆದರೆ 1 ವೋಲ್ಟ್ ಬೀಳುತ್ತದೆ, ಹಾಗಾಗಿ ಕರೆಂಟ್ ಎಳೆಯದ ಕಡೆಗಷ್ಟೇ ಇದು. ರೆಸಿಸ್ಟರ್ ಮೆಟಲ್ ಫಿಲ್ಮ್ ಇರಲಿ. ಕಾರ್ಬನ್ನಿನದು ತಾನೇ ಗದ್ದಲ ಸೇರಿಸುತ್ತದೆ.

ಎಲ್ಲರೂ ಎಡವುವುದು ಜೋಡಣೆಯಲ್ಲಿ. ಎರಡು ಬೇರೆ ಲೋಹ ಸೇರುವಲ್ಲಿ ಉಷ್ಣತೆಯ ವ್ಯತ್ಯಾಸವಿದ್ದರೆ ವೋಲ್ಟೇಜ್ ಹುಟ್ಟುತ್ತದೆ. ತಾಮ್ರ ಮತ್ತು ಬೆಸುಗೆಯ ಕೂಡಿಕೆಯಲ್ಲಿ ಡಿಗ್ರಿಗೆ ಕೆಲವು ಮೈಕ್ರೋವೋಲ್ಟ್. ಕಿಲುಬು ಹಿಡಿದ ತಾಮ್ರದಲ್ಲಿ ಡಿಗ್ರಿಗೆ 1000 ಮೈಕ್ರೋವೋಲ್ಟ್‌ವರೆಗೂ ಹೋಗಬಹುದು! ಬ್ಯಾಟರಿ ಒಳ್ಳೆಯದೇ ಇರುತ್ತದೆ, ಮೇಲೆ ಫ್ಯಾನ್ ತಿರುಗುತ್ತಿರುತ್ತದೆ, ಅದರ ಗಾಳಿಗೆ ಕೂಡಿಕೆಯ ಉಷ್ಣತೆ ಬದಲಾಗಿ ಆಸಿಲೋಸ್ಕೋಪ್ ಪರದೆಯ ಮೇಲಿನ ಗೆರೆ ಅಲೆಯಂತೆ ತೇಲುತ್ತದೆ. ಆದ್ದರಿಂದ ತಾಮ್ರದ ತುದಿಯನ್ನು ಹೊಳೆಯುವವರೆಗೆ ಉಜ್ಜಿ, ಆಗಲೇ ಬಿಗಿಯಾಗಿ ಸೇರಿಸಿ. ಸ್ಪ್ರಿಂಗ್ ಇರುವ ಪ್ಲಾಸ್ಟಿಕ್ ಬ್ಯಾಟರಿ ಹೋಲ್ಡರ್ ಕೊಳ್ಳಲೇಬೇಡಿ, ಮೇಜು ಅಲುಗಿದರೂ ಸ್ಪರ್ಶ ಬದಲಾಗುತ್ತದೆ. ಟ್ಯಾಬ್ (ಬೆಸೆಯಲು ಲೋಹದ ಪಟ್ಟಿ) ಇರುವ ಸೆಲ್ ತಂದು ಬೆಸೆಯಿರಿ. ಪ್ಲಸ್, ಮೈನಸ್ ಕೂಡಿಕೆಗಳು ಪಕ್ಕಪಕ್ಕದಲ್ಲಿರಲಿ. ಎರಡೂ ಒಟ್ಟಿಗೆ ಬಿಸಿಯಾದರೆ ಒಂದರದು ಇನ್ನೊಂದರಲ್ಲಿ ವಜಾ ಆಗುತ್ತದೆ. ತಂತಿಗಳನ್ನು ಜಡೆಯಂತೆ ಹೆಣೆಯಿರಿ. ಎಲ್ಲವನ್ನೂ ತಗಡಿನ ಬಿಸ್ಕತ್ತು ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಗ್ರೌಂಡಿಗೆ ಒಂದೇ ಕಡೆ ಜೋಡಿಸಿ, ಬಟ್ಟೆ ಸುತ್ತಿ, ಒಂದು ಗಂಟೆ ಬಿಡಿ. ಆ ಒಂದು ಗಂಟೆ ಕಾಯಲಾರದೆ ಕೆಲಸ ಕೆಡಿಸಿಕೊಂಡವರೇ ಹೆಚ್ಚು.

ಇನ್ನು ಪರೀಕ್ಷೆ. ಮಲ್ಟಿಮೀಟರ್‌ಗೆ ಇದು ಕಾಣಿಸುವುದಿಲ್ಲ, ಏರಿಳಿತವನ್ನಷ್ಟೇ 1000 ಪಟ್ಟು ಹಿಗ್ಗಿಸುವ ಆಂಪ್ಲಿಫೈಯರ್ ಬೇಕು. ಬ್ಯಾಟರಿ ಜೋಡಿಸುವ ಮುನ್ನ ಆಂಪ್ಲಿಫೈಯರಿನ ಇನ್‌ಪುಟ್ ಶಾರ್ಟ್ ಮಾಡಿ ನೋಡಿ. ಆಗ ಕಾಣುವುದು ಆಂಪ್ಲಿಫೈಯರಿನ ಸ್ವಂತ ಗದ್ದಲ, ಅದನ್ನು ಬರೆದಿಟ್ಟುಕೊಳ್ಳಿ. ಬ್ಯಾಟರಿ ಹಾಕಿದ ಮೇಲೂ ಅಷ್ಟೇ ಬಂದರೆ ನಿಮ್ಮ ಉಪಕರಣಕ್ಕೆ ಸಿಗುವಷ್ಟು ಶಾಂತ ಮೂಲ ಸಿಕ್ಕಿದೆ. 50 ಹರ್ಟ್ಜ್ (ಮನೆಯ ಕರೆಂಟಿನ ಆವರ್ತನ) ಗೆರೆ ಕಂಡರೆ ಬ್ಯಾಟರಿಯನ್ನು ಬೈಯಬೇಡಿ, ಪಕ್ಕದ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಮತ್ತೊಮ್ಮೆ ನೋಡಿ.