ವಿದೇಶದ ಕೆಲಸ ಮುಗಿಸಿ ಬರುವ ಬಾಸ್ ಮೀನುಗಾರಿಕೆ ಸ್ಪರ್ಧಿಯ ತಯಾರಿ ಹೀಗಿರಲಿ

ಅಮೆರಿಕದಲ್ಲಿ ಬಾಸ್ ಎಂಬ ಸಿಹಿನೀರಿನ ಮೀನಿಗೆ ಗಾಳ ಹಾಕುವುದು ಬರೀ ಹವ್ಯಾಸವಲ್ಲ, ದುಡ್ಡು ಕಟ್ಟಿ ಆಡುವ ಪಂದ್ಯ. ರೇ ಸ್ಕಾಟ್ ಎಂಬ ಸಂಘಟಕ 1967ರಲ್ಲಿ ಅರ್ಕಾನ್ಸಾಸ್‌ನ ಬೀವರ್ ಲೇಕ್‌ನಲ್ಲಿ ನಡೆಸಿದ ಟೂರ್ನಮೆಂಟ್‌ನಿಂದ ಇದು ದೊಡ್ಡದಾಗಿ ಬೆಳೆಯಿತು. ಬಹುತೇಕ ಪಂದ್ಯಗಳಲ್ಲಿ ಲೆಕ್ಕಕ್ಕೆ ಬರುವುದು ದಿನಕ್ಕೆ ಐದು ಮೀನುಗಳ ಒಟ್ಟು ತೂಕ. ಇದನ್ನು ಆಡುತ್ತಿದ್ದವರು ಒಂದೆರಡು ವರ್ಷ ಹೊರದೇಶದಲ್ಲಿ ದುಡಿದು ಮರಳುವಾಗ ಕೈ ಮರೆತಿರಬಹುದೆಂದು ಹೆದರುತ್ತಾರೆ. ಕೈ ಬೇಗ ಹಿಡಿತಕ್ಕೆ ಬರುತ್ತದೆ. ತೊಂದರೆ ಕೊಡುವುದು ನೆನಪು. ಬಿಟ್ಟುಹೋದ ಕೆರೆ ಹಾಗೇ ಇದೆ ಅಂದುಕೊಂಡು ಹಳೇ ಜಾಗಕ್ಕೇ ದೋಣಿ ಓಡಿಸಿದರೆ ಅರ್ಧ ದಿನ ಸುಮ್ನೆ ಹೋಗುತ್ತದೆ.

ಹೊರಡುವ ಮೊದಲೇ ಕೆರೆ ಓದಿ

ಈ ಕೆಲಸಕ್ಕೆ ನೀರು ಬೇಕಿಲ್ಲ, ಇಂಟರ್ನೆಟ್ ಸಾಕು. ಅಮೆರಿಕದ ದೊಡ್ಡ ಬಾಸ್ ಕೆರೆಗಳಲ್ಲಿ ಹೆಚ್ಚಿನವು ಅಣೆಕಟ್ಟಿನ ಹಿನ್ನೀರು. ಸೇನೆಯ ಎಂಜಿನಿಯರುಗಳ ವಿಭಾಗ ಮತ್ತು ಟೆನೆಸ್ಸಿ ವ್ಯಾಲಿ ಅಥಾರಿಟಿ ಎಂಬ ಸರ್ಕಾರಿ ಸಂಸ್ಥೆ ತಮ್ಮ ಜಲಾಶಯಗಳ ನೀರಿನ ಮಟ್ಟವನ್ನು ದಿನವೂ ಪ್ರಕಟಿಸುತ್ತವೆ. ನೀವಿಲ್ಲದಾಗ ಮಟ್ಟ ಎಷ್ಟು ಏರಿತು, ಎಷ್ಟು ಇಳಿಯಿತು ನೋಡಿ. ನೀರು ತೀರಾ ಇಳಿದಿದ್ದಾಗ ತೆಗೆದ ಉಪಗ್ರಹ ಚಿತ್ರ ಸಿಕ್ಕರೆ ಬಿಡಬೇಡಿ. ಮುಳುಗಿದ ರಸ್ತೆ, ಹಳ್ಳದ ತಿರುವು, ಕಲ್ಲಿನ ದಿಬ್ಬ ಎಲ್ಲವೂ ಅದರಲ್ಲಿ ಕಾಣುತ್ತದೆ. ಜೊಂಡು, ನೀರುಹುಲ್ಲಿನ ಹಳೇ ಗುರುತುಗಳನ್ನು ಮಾತ್ರ ನಂಬಬೇಡಿ. ಹುಲ್ಲನ್ನು ಔಷಧಿ ಹೊಡೆದು ಸಾಯಿಸಿರಬಹುದು, ಇಲ್ಲವೇ ಪ್ರವಾಹ ಕಿತ್ತುಕೊಂಡು ಹೋಗಿರಬಹುದು.

ಗೆಳೆಯನಿಗೆ ಫೋನ್ ಮಾಡಿ ‘ಈಗ ಮೀನು ಎಲ್ಲಿದೆ ಹೇಳಪ್ಪಾ’ ಅನ್ನುವುದು ಸುಲಭ ಅಲ್ವಾ? ಮೊದಲು ನಿಯಮ ಓದಿ. ಮೇಲ್ಮಟ್ಟದ ಪಂದ್ಯಗಳಲ್ಲಿ ಬೇರೆಯವರಿಂದ ಮಾಹಿತಿ ಪಡೆಯುವುದಕ್ಕೇ ನಿಷೇಧವಿದೆ. ಎದುರಿನ ಮೀನನ್ನು ಪರದೆಯ ಮೇಲೆ ತೋರಿಸುವ ಸೋನಾರ್ ಬಳಕೆಗೂ ಇತ್ತೀಚಿನ ವರ್ಷಗಳಲ್ಲಿ ಕೆಲವು ಪಂದ್ಯಸರಣಿಗಳು ಮಿತಿ ಹಾಕಿವೆ. ನೀವು ಹೋಗುವಾಗ ಇದ್ದ ನಿಯಮಪುಸ್ತಕ ಈಗ ಕೆಲಸಕ್ಕೆ ಬಾರದು.

ಪೆಟ್ಟಿಗೆ ಕಟ್ಟುವಾಗ

ದಾರ ಸುತ್ತುವ ದುಬಾರಿ ರೀಲುಗಳು ಕೈಚೀಲದಲ್ಲಿರಲಿ. ದೊಡ್ಡ ಕೊಕ್ಕೆಗಳನ್ನು ಸುತ್ತಿ, ಚೆಕ್-ಇನ್ ಸಾಮಾನಿನಲ್ಲಿ ಹಾಕಿ. ಬಿಡಿ ಲಿಥಿಯಂ ಬ್ಯಾಟರಿಯನ್ನು ಕೈಚೀಲದಲ್ಲಷ್ಟೇ ಒಯ್ಯಬಹುದು. 100 ವ್ಯಾಟ್-ಅವರ್ ದಾಟಿದರೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, 160 ದಾಟಿದರೆ ಇಲ್ಲವೇ ಇಲ್ಲ. ದೋಣಿಯನ್ನು ಸದ್ದಿಲ್ಲದೆ ನಿಧಾನಕ್ಕೆ ಸಾಗಿಸುವ ಟ್ರೋಲಿಂಗ್ ಮೋಟರಿನ ಬ್ಯಾಟರಿ ಇದಕ್ಕಿಂತ ಎಷ್ಟೋ ದೊಡ್ಡದು, ವಿದೇಶದಲ್ಲಿ ಅಗ್ಗಕ್ಕೆ ಸಿಕ್ಕರೂ ಆಸೆಪಡಬೇಡಿ. ಜಪಾನಿನಲ್ಲಿದ್ದವರಿಗೆ ಅಲ್ಲಿನ ಕೃತಕ ಎರೆಗಳಾದ ಲೂರ್‌ಗಳ ಮೋಹ ತಡೆಯುವುದು ಕಷ್ಟ, ಅದು ನನಗೂ ಅರ್ಥವಾಗುತ್ತದೆ. 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಸಿಕ್ಕ 22 ಪೌಂಡ್ 4 ಔನ್ಸ್ ಮೀನಿನ ವಿಶ್ವದಾಖಲೆಯನ್ನು 2009ರಲ್ಲಿ ಸರಿಗಟ್ಟಿದ್ದು ಜಪಾನಿನ ಬಿವಾ ಕೆರೆಯ ಮೀನು ತಾನೇ!

ದೋಣಿಗೆ ಜಾಸ್ತಿ ಸಮಯ ಕೊಡಿ

ಬಂದ ವಾರವೇ ನೀರಿಗಿಳಿಸಬೇಡಿ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲಿನಿಂದಲೇ ಶುರುಮಾಡಿ. ಎಥನಾಲ್ ಬೆರೆತ ಇಂಧನ ನೀರನ್ನು ಹೀರಿಕೊಂಡು ಕೊನೆಗೆ ಎರಡು ಪದರವಾಗುತ್ತದೆ. ಅದನ್ನು ಪೂರ್ತಿ ಹೊರತೆಗೆದು ಫಿಲ್ಟರ್ ಬದಲಿಸಿ. ಆಮೇಲೆ ಎಂಜಿನ್ ಕೆಳಭಾಗದ ಗೇರ್ ಆಯಿಲ್. ಅದು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ, ಸೀಲ್ ಹೋಗಿದೆ ಎಂದರ್ಥ. ಎಂಜಿನ್ ತಂಪಾಗಿಸುವ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ (ತಿರುಗುವ ರೆಕ್ಕೆಗಳ ಚಕ್ರ) ಬಹಳ ದಿನ ಸುಮ್ಮನೆ ಕೂತರೆ ಬಾಗಿ ಗಟ್ಟಿಯಾಗುತ್ತದೆ. ನೋಡಲು ಚೆನ್ನಾಗಿದ್ದರೂ ಬದಲಿಸಿಬಿಡಿ.

ಪೂರ್ತಿ ಚಾರ್ಜ್ ಆದ 12 ವೋಲ್ಟಿನ ಲೆಡ್-ಆಸಿಡ್ ಬ್ಯಾಟರಿ, ಒಂದಷ್ಟು ಹೊತ್ತು ಬಿಟ್ಟು ಅಳೆದಾಗ, ಸುಮಾರು 12.6 ವೋಲ್ಟ್ ತೋರಿಸಬೇಕು. ಖಾಲಿಯಾಗಿಯೇ ವರ್ಷ ಕಳೆದಿದ್ದರೆ ಅದರ ಆಸೆ ಬಿಡಿ. ಮೀನನ್ನು ಜೀವಂತ ಇಡುವ ಲೈವ್‌ವೆಲ್ ಪಂಪನ್ನು ಅಂಗಳದಲ್ಲೇ ಗಂಟೆಗಟ್ಟಲೆ ಓಡಿಸಿ ನೋಡಿ. ಸತ್ತ ಮೀನು ತಂದರೆ ತೂಕದಲ್ಲಿ ದಂಡ ಬೀಳುತ್ತದೆ. ಟ್ರೇಲರಿನ ಟೈರು ಸವೆಯದಿದ್ದರೂ ಬಿಸಿಲಿಗೆ ಬಿರುಕು ಬಿಟ್ಟಿರುತ್ತದೆ. ಪಕ್ಕದಲ್ಲಿ ಒತ್ತಿರುವ ಕೊನೆಯ ನಾಲ್ಕು ಅಂಕೆ ತಯಾರಾದ ವಾರ ಮತ್ತು ವರ್ಷ ಹೇಳುತ್ತವೆ. ಚಕ್ರದ ಬೇರಿಂಗಿಗೆ ಹೊಸ ಗ್ರೀಸ್ ಹಾಕಿ.

ಇನ್ನೊಂದು ಮಾತು. 26 ಅಡಿಗಿಂತ ಚಿಕ್ಕ ದೋಣಿಯನ್ನು ವೇಗವಾಗಿ ಓಡಿಸುವಾಗ ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ಹಗ್ಗವನ್ನು ಚಾಲಕ ಮೈಗೆ ಸಿಕ್ಕಿಸಿಕೊಂಡಿರಬೇಕು. 2021ರ ಏಪ್ರಿಲ್ 1ರಿಂದ ಇದು ಅಮೆರಿಕದ ಕೇಂದ್ರ ಕಾನೂನು. ಅದಕ್ಕೂ ಮೊದಲು ಊರು ಬಿಟ್ಟವರಿಗೆ ಇದು ಹೊಸದು.

ದಾರ, ಕೈ

ರೀಲಿನಲ್ಲೇ ಉಳಿದ ಮಾನೊ ಮತ್ತು ಫ್ಲೋರೊಕಾರ್ಬನ್ ಎಂಬ ಒಂಟಿ ಎಳೆಯ ದಾರ ಸುರುಳಿ ಹಿಡಿದಿರುತ್ತದೆ, ಎಸೆಯಿರಿ. ಹೆಣೆದ ದಾರವಾದ ಬ್ರೇಡ್ ಬಾಳಿಕೆಯದು. ಬಿಚ್ಚಿ ತುದಿ ಬದಲಿಸಿ ಸುತ್ತಿದರೆ ಒಳಗಿದ್ದ ಹೊಸ ಭಾಗ ಮೇಲೆ ಬರುತ್ತದೆ. ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಎಲ್ಲಾ ಆಟ ತಿರುಗುವ ಉರುಳೆಯನ್ನು ತಡೆಯುವ ಹೆಬ್ಬೆರಳಿನದು. ಕೊಕ್ಕೆ ತೆಗೆದ ಲೂರನ್ನು ಅಂಗಳದ ಬಕೆಟ್ಟಿಗೆ ಗುರಿಯಿಟ್ಟು ದಿನವೂ ಸ್ವಲ್ಪ ಹೊತ್ತು ಎಸೆಯಿರಿ. ರೀಲಿನ ಬ್ರೇಕನ್ನು ಮೊದಲು ಬಿಗಿಯಾಗಿಟ್ಟು ಆಮೇಲೆ ಸಡಿಲಿಸಿ.

ಮೊದಲ ಪಂದ್ಯ ಚಿಕ್ಕದಿರಲಿ

ಲೈಸೆನ್ಸ್ ಒಂದೊಂದು ರಾಜ್ಯಕ್ಕೂ ಬೇರೆ, ಹಳೆಯದರ ಅವಧಿ ಮುಗಿದಿರುತ್ತದೆ. ಮೀನಿನ ಕನಿಷ್ಠ ಉದ್ದವೂ ಕೆರೆಯಿಂದ ಕೆರೆಗೆ ಬೇರೆ. ಅಭ್ಯಾಸದ ದಿನ ದೋಣಿಯ ನಕ್ಷೆಯಲ್ಲಿ ಉಳಿಸಿದ್ದ ಹಳೇ ಗುರುತುಗಳನ್ನು ಆಫ್ ಮಾಡಿ, ಥರ್ಮಾಮೀಟರ್ ನೋಡಿ ಜಾಗ ಹುಡುಕಿ. ವಸಂತದಲ್ಲಿ ನೀರು ಸುಮಾರು 60 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತಿದ್ದಂತೆ ಲಾರ್ಜ್‌ಮೌತ್ ಎಂಬ ಜಾತಿಯ ಬಾಸ್ ಮೊಟ್ಟೆಯಿಡಲು ದಡದ ಕಡೆ ಬರುತ್ತದೆ. ದೊಡ್ಡ ಶುಲ್ಕದ ಎರಡು ದಿನದ ಪಂದ್ಯಕ್ಕೆ ಆಗಲೇ ಹೆಸರು ಕೊಡಬೇಡಿ. ವಾರದ ನಡುವೆ ಸಂಜೆ ನಡೆಯುವ ಕ್ಲಬ್ ಪಂದ್ಯ ಸಾಕು. ಶುಲ್ಕ ಕಡಿಮೆ, ಪಂಪ್ ಕೈಕೊಟ್ಟರೂ ಹೋಗುವುದು ಒಂದು ಸಂಜೆ ಅಷ್ಟೇ. ನಿದ್ದೆಯ ಹೊತ್ತು ಇನ್ನೂ ಹಳೇ ದೇಶದ್ದೇ ಆಗಿದ್ದರೆ ಅದಕ್ಕೂ ಹೋಗಬೇಡಿ. ನಸುಕಿನಲ್ಲಿ ಟ್ರೇಲರ್ ಎಳೆದುಕೊಂಡು ಓಡಿಸುವ ರಸ್ತೆ ಉದ್ದವಿರುತ್ತದೆ.