ಹೊಲಿಗೆಗಿಂತ ಹುಡುಕಾಟಕ್ಕೇ ಹೋಗುವ ಹೊತ್ತು

ಕ್ರಾಸ್ ಸ್ಟಿಚ್ ಕಸೂತಿಯಲ್ಲಿ ಕಲಿಯುವುದಕ್ಕೆ ಹೆಚ್ಚೇನಿಲ್ಲ. ಓರೆಯಾಗಿ ಒಂದು ಹೊಲಿಗೆ, ಅದರ ಮೇಲೆ ಅಡ್ಡಲಾಗಿ ಇನ್ನೊಂದು. ಮೇಲಿನದು ಇಡೀ ಚಿತ್ರದಲ್ಲಿ ಒಂದೇ ದಿಕ್ಕಿಗೆ ವಾಲಿರಬೇಕು, ಅಷ್ಟೇ. ಆದರೂ ದೊಡ್ಡ ಚಿತ್ರ ಕೈಗೆತ್ತಿಕೊಂಡರೆ ಅದು ಮುಂದೆ ಸಾಗುವುದೇ ಇಲ್ಲ. ನಾನೀಗ ಹಿಡಿದಿರುವುದು 140 ಮನೆ (ಒಂದು ಹೊಲಿಗೆ ಬೀಳುವ ಜಾಗ) ಅಗಲ, 210 ಮನೆ ಉದ್ದದ್ದು, ಎಲ್ಲೂ ಬಟ್ಟೆ ಕಾಣದಂತೆ ಪೂರ್ತಿ ತುಂಬಬೇಕಾದದ್ದು. ಬಟ್ಟೆ ಮನೆಮನೆಯಾಗಿ ನೇಯ್ದ ಐಡಾ, 14 ಕೌಂಟಿನದು, ಅಂದರೆ ಇಂಚಿಗೆ 14 ಮನೆ. ಮುಗಿದಾಗ 10 ಇಂಚು ಅಗಲ, 15 ಇಂಚು ಉದ್ದದ ಪಟ. ಕೇಳುವುದಕ್ಕೆ ಚಿಕ್ಕದು, ಲೆಕ್ಕಕ್ಕೆ 29,400 ಹೊಲಿಗೆ.

ಕೈ ಚುರುಕಾದರೆ ಬೇಗ ಮುಗಿಯುತ್ತದೆ ಎಂಬ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಹೊತ್ತು ತಿನ್ನುವುದು ಹುಡುಕಾಟ. ಯಾವ ಮನೆಗೆ ಯಾವ ಬಣ್ಣ ಎಂದು ಗುರುತುಗಳಲ್ಲಿ ತೋರಿಸುವ ಚಾರ್ಟ್‌ನಲ್ಲಿ ಎಲ್ಲಿದ್ದೆ, ಬಟ್ಟೆಯ ಮೇಲೆ ಅದು ಯಾವ ಮನೆ, ಈ ಗುರುತಿಗೆ ಯಾವ ಬಣ್ಣ ಎಂದು ನೋಡುವುದರಲ್ಲೇ ಅರ್ಧ ಸಂಜೆ ಕಳೆಯುತ್ತದೆ. ಇದನ್ನು ಕಡಿಮೆ ಮಾಡಿದಷ್ಟೂ ಕೆಲಸ ಸಾಗಿತು.

ಮೊದಲು ಮಾಡಿದ್ದು ಹತ್ತು ಮನೆಗೊಂದು ಗೆರೆ. ಚಾರ್ಟ್‌ನಲ್ಲಿ ಹೇಗೂ ಹತ್ತಕ್ಕೊಂದು ದಪ್ಪ ಗೆರೆ ಇರುತ್ತದೆ. ಬಟ್ಟೆಯ ಮೇಲೂ ಅದೇ ಜಾಗದಲ್ಲಿ ಗೆರೆ ಬಂದರೆ ಎಣಿಕೆ ಹತ್ತನ್ನು ದಾಟುವುದಿಲ್ಲ. ನೀರಿಗೆ ಹೋಗುವ ಪೆನ್ನು ಬಳಸುವವರಿದ್ದಾರೆ. ಅದರ ಗುರುತಿಗೆ ತೊಳೆಯುವ ಮೊದಲೇ ಇಸ್ತ್ರಿಯ ಬಿಸಿ ತಾಗಿದರೆ ಕಲೆ ಉಳಿದುಬಿಡಬಹುದು. ನಾನು ತೆಳುವಾದ ಮೀನಿನ ಗಾಳದ ನೈಲಾನ್ ದಾರ ಪೋಣಿಸಿದೆ. ಮಾಮೂಲಿ ನೂಲನ್ನು ಸೂಜಿ ಚುಚ್ಚಿ ಸೀಳುತ್ತದೆ, ಆಮೇಲೆ ಎಳೆದರೆ ಹೊಲಿಗೆಯೂ ಜೊತೆಗೆ ಬರುತ್ತದೆ. ನೈಲಾನ್‌ಗೆ ಆ ಕಾಟವಿಲ್ಲ, ಕೊನೆಯಲ್ಲಿ ಜಾರಿಕೊಂಡು ಬರುತ್ತದೆ. ಗೆರೆ ಹಾಕುವುದು ಬೇಜಾರಿನ ಕೆಲಸ, ಒಂದು ಹೊಲಿಗೆಯೂ ಬೀಳದೆ ಸಂಜೆಗಳು ಕಳೆಯುತ್ತವೆ. ಆದರೆ 29,400 ಎಂಬ ಸಂಖ್ಯೆ ಅಲ್ಲಿಗೆ ಹತ್ತು ಮನೆ ಅಗಲ, ಹತ್ತು ಮನೆ ಉದ್ದದ 294 ಚೌಕಗಳಾಗುತ್ತದೆ. ಗೆರೆ ಇರುವುದರಿಂದ ಬಟ್ಟೆಯ ನಡುಮಧ್ಯದಿಂದಲೇ ಶುರು ಮಾಡಬೇಕೆಂಬ ನಿಯಮವೂ ಬೇಕಿಲ್ಲ. ಸುತ್ತ ಮೂರು ಇಂಚು ಬಿಟ್ಟು ಎಡಮೇಲಿನ ಮೂಲೆಯಿಂದ ಹೊರಟೆ.

ಚಾರ್ಟನ್ನು ದೊಡ್ಡದಾಗಿ ಜೆರಾಕ್ಸ್ ಮಾಡಿಸಿ, ಹೊಲಿದ ಮನೆಗಳ ಮೇಲೆ ಆಗಿಂದಾಗ್ಗೆ ಹೈಲೈಟರ್ ಎಳೆಯುತ್ತೇನೆ. ‘ಆಮೇಲೆ ಗುರುತು ಹಾಕಿದರಾಯಿತು’ ಎಂದರೆ ಆ ಆಮೇಲೆ ಬರುವುದಿಲ್ಲ.

ಬಣ್ಣದ ವಿಷಯಕ್ಕೆ ಬಂದರೆ ಎರಡು ದಾರಿ. ಒಂದೇ ಬಣ್ಣವನ್ನು ಹಿಡಿದು ಚಿತ್ರದ ತುಂಬ ಓಡಾಡಬಹುದು, ಇಲ್ಲವೇ ಒಂದು ಚೌಕದ ಎಲ್ಲ ಬಣ್ಣ ಮುಗಿಸಿ ಪಕ್ಕದ ಚೌಕಕ್ಕೆ ಹೋಗಬಹುದು. ಬಣ್ಣಗಳು ದೊಡ್ಡ ದೊಡ್ಡ ತುಂಡುಗಳಾಗಿ ಹರಡಿದ್ದರೆ ಮೊದಲನೆಯದೇ ಸರಿ. ಆದರೆ ಎಲೆಗಳ ನೆರಳಿನಂಥ ಕಡೆ ಒಂದೊಂದು ಮನೆಗೂ ಬಣ್ಣ ಬದಲಾಗುತ್ತದೆ. ಅಲ್ಲಿ ನಾನು ದಾರವನ್ನು ನಿಲ್ಲಿಸಿಡುತ್ತೇನೆ. ಈ ಚೌಕದಲ್ಲಿ ಕಡುಹಸಿರು ಮುಗಿಯಿತೆನ್ನಿ, ದಾರ ಕತ್ತರಿಸುವುದಿಲ್ಲ. ಮುಂದಿನ ಚೌಕದಲ್ಲಿ ಕಡುಹಸಿರು ಬೇಕಾದ ಮೊದಲ ಮನೆಯ ಮೂಲೆಯಲ್ಲಿ ಅದನ್ನು ಮೇಲೆ ತಂದು ಇಳಿಬಿಡುತ್ತೇನೆ. ಆ ಚೌಕಕ್ಕೆ ಬಂದಾಗ ದಾರವೇ ಜಾಗ ತೋರಿಸುತ್ತದೆ, ಎಣಿಸುವ ಮಾತೇ ಇಲ್ಲ. ಬಟ್ಟೆಯ ಮೇಲೆ ಹತ್ತಾರು ಬಾಲ ನೇತಾಡುವುದನ್ನು ಕಂಡವರು ಗಾಬರಿಯಾಗುತ್ತಾರೆ, ಆಗಲಿ. ಒಂದೇ ಎಚ್ಚರ, ಹಿಂಬದಿಯಲ್ಲಿ ಮೂರು ನಾಲ್ಕು ಮನೆಗಿಂತ ದೂರ ಖಾಲಿ ದಾರ ಎಳೆಯಬಾರದು. ಗಾಢ ಬಣ್ಣವಾದರೆ ತಿಳಿ ಬಣ್ಣದ ಹೊಲಿಗೆಗಳ ನಡುವೆ ಇಣುಕುತ್ತದೆ. ದೂರವಿದ್ದರೆ ಕತ್ತರಿಸುವುದೇ ಲೇಸು.

ಕಸೂತಿ ದಾರ ಆರು ಎಳೆಯದು. 14 ಕೌಂಟ್‌ಗೆ ಎರಡೆಳೆ ಸಾಕು. ಒಂದೇ ಎಳೆಯನ್ನು ಉದ್ದಕ್ಕೆ ತೆಗೆದು ಮಡಚಿ, ಎರಡೂ ತುದಿಯನ್ನು 24ನೇ ನಂಬರಿನ ಮೊಂಡು ತುದಿಯ ಸೂಜಿಗೆ ಪೋಣಿಸಿ, ಮೊದಲ ಹೊಲಿಗೆ ಹಿಂದಕ್ಕೆ ಹೋದಾಗ ಸೂಜಿಯನ್ನು ಆ ಮಡಿಕೆಯೊಳಗೆ ತೂರಿಸಿದರೆ ಗಂಟು ಬೇಡ. ದಾರ ಹುರಿಗೊಂಡಾಗ ಸೂಜಿಯನ್ನು ಇಳಿಬಿಟ್ಟರೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಇನ್ನೊಂದು ಅಭ್ಯಾಸ ಎದ್ದೇಳುವ ಹೊತ್ತಿನದು. ಚೌಕ ಪೂರ್ತಿ ಮುಗಿಸಿ ಏಳುವುದಿಲ್ಲ. ಒಂದು ಸಾಲು ಉಳಿಸಿ, ಮುಂದಿನ ಬಣ್ಣವನ್ನು ಸೂಜಿಗೆ ಪೋಣಿಸಿಟ್ಟು, ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ಬಳೆ, ಅಂದರೆ ಹೂಪ್ ಬಿಚ್ಚಿಡುತ್ತೇನೆ (ಬಿಚ್ಚದಿದ್ದರೆ ಬಟ್ಟೆಯಲ್ಲಿ ಬಳೆಯ ಗುರುತು ಕೂರುತ್ತದೆ). ಮರುದಿನ ಹತ್ತೇ ನಿಮಿಷ ಸಿಕ್ಕರೂ ಕೂತ ಕೂಡಲೇ ಹೊಲಿಗೆ ಬೀಳುತ್ತದೆ.

ದಿನಕ್ಕೆ ಇಷ್ಟು ಎಂಬ ಗುರಿ ಮಾತ್ರ ಇಟ್ಟುಕೊಂಡಿಲ್ಲ. ಆಕಾಶದಲ್ಲಿ ಒಂದು ಸಂಜೆಗೆ ಎರಡು ಚೌಕ ಆಗುತ್ತದೆ, ಎಲೆಗಳಲ್ಲಿ ಅರ್ಧ ಚೌಕಕ್ಕೇ ಸಾಕುಸಾಕಾಗುತ್ತದೆ. ಎರಡನ್ನೂ ಒಂದೇ ಅಳತೆಗೋಲಿನಲ್ಲಿ ಹೇಗೆ ಅಳೆಯುವುದು? ಈಗ ಎಲೆಗಳ ಭಾಗ ದಾಟಿದೆ. ಕೆಳಗೆ ಉಳಿದಿರುವುದು ಹೆಚ್ಚಾಗಿ ನೆಲ, ಮೂರೋ ನಾಲ್ಕೋ ಬಣ್ಣ. ಅಲ್ಲಿ ದಾರ ನಿಲ್ಲಿಸುವ ಅಗತ್ಯವಿಲ್ಲ, ಒಂದು ಬಣ್ಣ ಹಿಡಿದು ಸಾಲುಸಾಲಾಗಿ ಹೊಲಿಯಬಹುದು. ಅಂಚುಗಳಿಗೆ ಗೆರೆಯಂತೆ ಬೀಳುವ ಬ್ಯಾಕ್ ಸ್ಟಿಚ್ ಹಾಕುವುದು ನೈಲಾನ್ ದಾರ ಎಳೆದು ತೆಗೆದ ಮೇಲೆ.